ವುಝೂ ನೀರು ಚರಂಡಿಗೆ, ಸಮುದ್ರದ ಉಪ್ಪು ಬಾವಿಗೆ

"ಉಸ್ತಾದ್ರೇ, ಸಮುದ್ರದ ನೀರಲ್ಲೂ ವುಝೂ ಸಹೀಹ್ ಆಗ್ತದಲ್ಲ, ಮತ್ತೆ ಬಾವಿ ಉಪ್ಪಾದರೆ ಎಂತ?"

ಕಳೆದ ಬೇಸಿಗೆಯಲ್ಲಿ ಮದ್ರಸದ ಐದನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಮಸ್ಅಲ ಸರಿಯಾಗಿಯೇ ಕಲಿತಿದ್ದಾನೆ, ತಪ್ಪು ಹೇಳುವ ಹಾಗಿಲ್ಲ. ಆದರೆ ಅವನ ಉಮ್ಮ ಚಾಕ್ಕೆ ನೀರು ತರಲು ಎರಡು ಮನೆ ದಾಟಿ ಹೋಗ್ತಾರೆ. ಅವರ ಬಾವಿಯ ನೀರಿಗೆ ಸಾಬೂನು ನೊರೆ ಬರುವುದಿಲ್ಲ, ಬಟ್ಟೆ ಒಣಗಿದ ಮೇಲೆ ಬಿರುಸಾಗಿ ನಿಲ್ತದೆ. ಉಳ್ಳಾಲದಿಂದ ಸುರತ್ಕಲ್‌ವರೆಗೆ ಕಡಲ ಬದಿಯಲ್ಲಿ, ನದಿಬಾಯಿಯ ಹತ್ತಿರ ಮನೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು. ಅಷ್ಟು ಮಳೆ ಬಂದರೂ ಮಾರ್ಚ್ ಕಳೆಯುವಾಗ ಬಾವಿ ಬತ್ತುವುದು, ಉಪ್ಪಾಗುವುದು ಯಾಕೆ? ಮಳೆಯ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ, ಸಮುದ್ರ ಸೇರ್ತದೆ. ನೆಲದೊಳಗೆ ಉಳಿಯುವ ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ಅದು ಉಪ್ಪು ನೀರಿನ ಮೇಲೆ ತೇಲಿಕೊಂಡು ನಿಂತಿರ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿ ನೀರು ಇದ್ದರೆ, ಕೆಳಗೆ ಸುಮಾರು 40 ಅಡಿವರೆಗೆ ಅದು ಉಪ್ಪನ್ನು ತಳ್ಳಿ ಹಿಡಿಯುತ್ತದೆ ಎಂಬುದು ಭೂಜಲ ತಜ್ಞರ ಲೆಕ್ಕ. ಇದನ್ನೇ ತಿರುಗಿಸಿ ನೋಡಿ. ನಾವು ಪಂಪ್ ಹಾಕಿ ಮೇಲಿನ ಒಂದು ಅಡಿ ಎಳೆದರೆ, ಅಡಿಯಿಂದ ಉಪ್ಪು 40 ಅಡಿ ಏರಿ ಬರಲು ದಾರಿ ಮಾಡಿಕೊಟ್ಟ ಹಾಗೆ.

ಇದು ಗೊತ್ತಿಲ್ಲದೆ ನಾವೂ ಒಂದು ತಪ್ಪು ಮಾಡಿದ್ದುಂಟು. ಮಸೀದಿಯ ಬಾವಿ ಸಾಲದು, ಬೋರ್‌ವೆಲ್ ಹೊಡೆಸುವ ಎಂದು ಜಮಾಅತಿನ ಮೀಟಿಂಗಿನಲ್ಲಿ ತೀರ್ಮಾನ ಆದಾಗ ಕೈ ಎತ್ತಿದವರಲ್ಲಿ ನಾವೂ ಇದ್ದೆವು. ಮೊದಲ ವರ್ಷ ಹೌಳ್ ತುಂಬಿ ತುಳುಕಿತು, ಎಲ್ಲರಿಗೂ ಖುಷಿ. ಎರಡನೇ ಬೇಸಿಗೆಗೆ ಬೋರಿನ ನೀರು ಉಪ್ಪುಪ್ಪು. ಮೂರನೇ ಬೇಸಿಗೆಗೆ ಹತ್ತಿರದ ಮನೆಗಳ ಬಾವಿಯೂ ಹಾಗೆಯೇ ಆಯಿತು. ಆ ಹುಡುಗನ ಮನೆ ಅದರಲ್ಲಿ ಒಂದು. ಅವನ ಪ್ರಶ್ನೆಗೆ ನಾವು ಕೂಡಲೇ ಉತ್ತರ ಕೊಡದೆ ಇದ್ದದ್ದಕ್ಕೆ ಕಾರಣ ಇದೇ.

ಹಾಗಾದರೆ ತೆಗೆದ ನೀರನ್ನು ನೆಲಕ್ಕೆ ವಾಪಸ್ ಕೊಡುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರೆಂಜ್ ಕೌಂಟಿ ಎಂಬ ಕಡಲ ಬದಿಯ ಪ್ರದೇಶ ಉಂಟು. ಅಲ್ಲಿಯೂ ಬಾವಿಗಳಿಗೆ ಸಮುದ್ರ ನುಗ್ಗುತ್ತಿತ್ತು. ಅವರು 1970ರ ದಶಕದಿಂದಲೇ ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕರಾವಳಿಯುದ್ದಕ್ಕೂ ಕೊರೆದ ಬಾವಿಗಳ ಮೂಲಕ ನೆಲದೊಳಗೆ ಇಳಿಸಿದರು. ಉಪ್ಪು ನೀರಿಗೆ ಅಡ್ಡವಾಗಿ ಸಿಹಿ ನೀರಿನದ್ದೇ ಒಂದು ಗೋಡೆ. 2008ರಲ್ಲಿ ದೊಡ್ಡ ಘಟಕ ಬಂತು. ಸೂಕ್ಷ್ಮ ಸೋಸುವಿಕೆ, ನಮ್ಮ ಅಡುಗೆಮನೆಯ ಫಿಲ್ಟರಿನಲ್ಲಿ ಇರುವಂಥ ಆರ್‌ಒ, ಕೊನೆಗೆ ಅಲ್ಟ್ರಾವಯೊಲೆಟ್ ಬೆಳಕು. ಇಷ್ಟು ದಾಟಿದ ನೀರು ಮಾತ್ರ ನೆಲಕ್ಕೆ. ಈಗ ಆ ಘಟಕದ ಸಾಮರ್ಥ್ಯ ದಿನಕ್ಕೆ ಸುಮಾರು 49 ಕೋಟಿ ಲೀಟರ್. ಮಂಗಳೂರಿಗೆ ತುಂಬೆಯಿಂದ ಬರುವುದು ದಿನಕ್ಕೆ ಸುಮಾರು 16 ಕೋಟಿ ಲೀಟರ್, ಅಂದಾಜು ಮಾಡಿಕೊಳ್ಳಿ.

ನಮ್ಮಲ್ಲಿ ಏನೂ ಆಗಿಲ್ಲ ಎಂದಲ್ಲ. ಕಾವೂರಿನ ಘಟಕದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಎಂಆರ್‌ಪಿಎಲ್‌ಗೆ ಹೋಗ್ತದೆ. 2016ರ ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ, ನಗರಕ್ಕೆ ನೀರು ಬಿಟ್ಟು ಬಿಟ್ಟು ಬಂದು, ಅದೇ ರಿಫೈನರಿ ಕೆಲವು ವಿಭಾಗ ನಿಲ್ಲಿಸಬೇಕಾದದ್ದು ಹಲವರಿಗೆ ನೆನಪಿರಬಹುದು. ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ದಿನಕ್ಕೆ 3 ಕೋಟಿ ಲೀಟರಿನ ಘಟಕ ಕಟ್ಟಿದರು. ಕಾರ್ಖಾನೆ ಕೊಳಚೆ ನೀರು ಬಳಸಿದಷ್ಟೂ ಹೊಳೆಯ ನೀರು ಜನರಿಗೆ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ಕಡಲ ಬದಿಯ ಬಾವಿಗಳ ಪಾಲಿಗೆ ಅದರಿಂದ ಒಂದು ಕೊಡವೂ ಬಂದಿಲ್ಲ.

ಆತುರ ಪಟ್ಟರೂ ಆಗುವುದಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರದ 126 ಕೆರೆಗಳಿಗೆ ತುಂಬಿಸುವ ಯೋಜನೆ 2018ರಲ್ಲಿ ಶುರುವಾಯಿತು. ಸುತ್ತಿನ ಅಂತರ್ಜಲ ಏರಿದ್ದು ಹೌದು. ಆದರೆ ಆರಂಭದಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಮುಟ್ಟಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಅಲ್ಲಿನ ರೈತರು ಕೇಳಿದ್ದು ನ್ಯಾಯವೇ. ನಮ್ಮ ಮರಳು ನೆಲದಲ್ಲಿ ಬಾವಿಗೂ ಹೊಂಡಕ್ಕೂ ದೂರ ಕಡಿಮೆ, ಅರೆಬರೆ ನೀರು ಇಳಿಸಿದರೆ ಉಪ್ಪಿನ ಬದಲು ಕಾಯಿಲೆ ಬರ್ತದೆ.

"ಎಷ್ಟು ತೊಳೆದರೂ ಅದು ನಜೀಸ್ ಅಲ್ವಾ?" ಈ ವಿಷಯ ತೆಗೆದಾಗಲೆಲ್ಲ ಹಿರಿಯರು ಕೇಳುವುದು ಇದನ್ನೇ. ಶಾಫಿಈ ಮದ್‌ಹಬಿನಲ್ಲಿ ನಾವು ಮಕ್ಕಳಿಗೆ ಕಲಿಸುವುದೇನು? ನೀರು ಎರಡು ಕುಲ್ಲತ್, ಅಂದರೆ ಈಗಿನ ಲೆಕ್ಕದಲ್ಲಿ 200 ಲೀಟರ್ ಆಸುಪಾಸು ಇದ್ದರೆ, ಬಣ್ಣ, ವಾಸನೆ, ರುಚಿ ಇವುಗಳಲ್ಲಿ ಒಂದಾದರೂ ಬದಲಾಗದೆ ಅದು ನಜೀಸ್ ಆಗುವುದಿಲ್ಲ. ಬದಲಾದದ್ದು ತಾನಾಗಿಯೋ ಬೇರೆ ನೀರು ಸೇರಿಯೋ ಹೋದರೆ ನೀರು ಮತ್ತೆ ಶುದ್ಧ. ಅತ್ತರು ಸುರಿದು ವಾಸನೆ ಮುಚ್ಚಿದರೆ ಮಾತ್ರ ಲೆಕ್ಕಕ್ಕಿಲ್ಲ. 1978ರಲ್ಲಿ ಸೌದಿಯ ಹಿರಿಯ ಉಲಮಾ ಮಂಡಳಿ ಇದೇ ಪ್ರಶ್ನೆಯನ್ನು ತಜ್ಞರ ವರದಿ ಇಟ್ಟುಕೊಂಡು ನೋಡಿ, ಮೂರೂ ಗುಣ ಮೊದಲಿನಂತೆ ಆಗುವಷ್ಟು ಶುದ್ಧೀಕರಿಸಿದ ನೀರು ವುಝೂಗೂ ಆಗುತ್ತದೆ, ಕುಡಿಯುವ ವಿಷಯದಲ್ಲಿ ಆರೋಗ್ಯದ ದೃಷ್ಟಿಯಿಂದ ದೂರ ಇರುವುದು ಒಳ್ಳೆಯದು ಎಂದಿತು. ಇಲ್ಲಿಯಾದರೋ ಕೇಳ್ತಾ ಇರುವುದು ನೆಲಕ್ಕೆ ಇಳಿಸುವ ಮಾತು ಮಾತ್ರ.

ದೊಡ್ಡ ಘಟಕ ಕಟ್ಟಬೇಕಾದದ್ದು ಸರಕಾರ. ಆದರೆ ನಜೀಸ್ ಎಂಬ ಪ್ರಶ್ನೆಯೇ ಬಾರದ ಒಂದು ನೀರು ನಮ್ಮ ಕೈಯಲ್ಲೇ ಉಂಟಲ್ಲ! ವುಝೂ ಮಾಡಿದ ನೀರು ಮುಸ್ತಅಮಲ್, ಅದರಲ್ಲಿ ಮತ್ತೆ ವುಝೂ ಆಗದು, ಆದರೆ ಅದು ಶುದ್ಧವೇ. ಒಂದು ದಿನ ನಳ್ಳಿಯ ಕೆಳಗೆ ಬಾಲ್ದಿ ಇಟ್ಟು ಅಳೆದೆವು. ಒಬ್ಬ ಹುಡುಗನ ವುಝೂಗೆ 7 ಲೀಟರ್! ರಸೂಲರು ಒಂದು ಮುದ್ದ್ ನೀರಲ್ಲಿ ವುಝೂ ಮುಗಿಸುತ್ತಿದ್ದರು, ಅದು ಲೀಟರಿಗೂ ಕಡಿಮೆ. ದಿನಕ್ಕೆ 200 ವುಝೂ ಆದರೆ 1,400 ಲೀಟರ್ ಚರಂಡಿ ಪಾಲು.

ಈಗ ಆ ನೀರಿಗೆ ಬೇರೆ ಪೈಪ್ ಹಾಕಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಹೊಂಡಕ್ಕೆ ಬಿಟ್ಟಿದ್ದೇವೆ. ಶೌಚಾಲಯದ ಮತ್ತು ಅಡುಗೆಯ ನೀರು ಆ ಪೈಪಿಗೆ ಸೇರದ ಹಾಗೆ ಪ್ಲಂಬರನ್ನು ಎರಡು ಸಲ ಕರೆಸಿ ನೋಡಿಸಿದ್ದಾಯಿತು. ತಾರಸಿಯ ಮಳೆ ನೀರನ್ನೂ ಸೋಸಿ ಬಾವಿಗೆ ಬಿಟ್ಟೆವು. 2,000 ಚದರ ಅಡಿ ತಾರಸಿಯ ಮೇಲೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 6 ಲಕ್ಷ ಲೀಟರಿಗೂ ಹೆಚ್ಚು ಮಳೆ ಬೀಳ್ತದೆ. ಹೊಂಡಕ್ಕಿಂತ ಇದರಿಂದಲೇ ಹೆಚ್ಚು ಉಪಕಾರ ಎಂದು ನಮ್ಮ ಅಂದಾಜು.

ಉಪ್ಪು ಪೂರ್ತಿ ಹೋಗಿಲ್ಲ. ಹುಡುಗನ ಉಮ್ಮ ಈಗಲೂ ಏಪ್ರಿಲ್ ಬಂದರೆ ಕೊಡ ಹಿಡಿದು ಹೊರಡ್ತಾರೆ, ಮೊದಲು ಫೆಬ್ರವರಿಯಲ್ಲೇ ಹೊರಡಬೇಕಿತ್ತು. ಬೋರ್‌ವೆಲ್ಲಿನ ವಿಷಯ ಬಾಕಿ ಉಂಟು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಪಂಪ್ ಓಡಿಸುವುದು ಬೇಡ ಎಂದು ನಾವು, ಜುಮಾ ದಿನ ಅಷ್ಟು ಸಾಲದು ಎಂದು ಕಮಿಟಿಯವರು. ಮುಂದಿನ ಆದಿತ್ಯವಾರ ಅಸರ್ ನಮಾಝಿನ ನಂತರ ಮೀಟಿಂಗ್ ಉಂಟು. ಬಾವಿ ಉಪ್ಪಾದ ಮನೆಗಳವರನ್ನೂ ಈ ಸಲ ಕರೆದಿದ್ದೇವೆ.