ತರಗತಿಯೋ, ಮೊಬೈಲೋ, ಎರಡೂ ಸೇರಿಯೋ?



‘ಎಲ್ಲಾ ಪಾಠನೂ ಯೂಟ್ಯೂಬ್‌ನಲ್ಲೇ ಸಿಗುತ್ತಲ್ಲ ಸರ್, ಮತ್ತೆ ಶಾಲೆಗೆ ಯಾಕೆ ಬರಬೇಕು?’ ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ ಇದು. ಒಳ್ಳೆ ಪ್ರಶ್ನೆನೇ. ವಿಜ್ಞಾನ ಓದುವವರು ಇಂಥ ಪ್ರಶ್ನೆಗೆ ಬೈದು ಉತ್ತರ ಕೊಡಬಾರದು, ಪರೀಕ್ಷಿಸಿ ನೋಡಿ ಕೊಡಬೇಕು. ಬನ್ನಿ, ನೋಡೋಣ.

ಮೊದಲು ಮೂರು ಪದಗಳು. ಶಿಕ್ಷಕರು, ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಕೂತು ಕಲಿಯುವುದು ಮುಖಾಮುಖಿ ಕಲಿಕೆ. ಫೋನ್ ಅಥವಾ ಕಂಪ್ಯೂಟರ್ ಮೂಲಕ, ದೂರದಿಂದಲೇ ಕಲಿಯುವುದು ಆನ್‌ಲೈನ್ ಕಲಿಕೆ. ಎರಡನ್ನೂ ಯೋಚಿಸಿ ಜೋಡಿಸಿದರೆ ಅದು ಮಿಶ್ರ ಕಲಿಕೆ. ‘ಯೋಚಿಸಿ’ ಅನ್ನೋ ಮಾತು ಮುಖ್ಯ. ಶಾಲೆ ಮುಗಿಸಿ ಮನೆಗೆ ಹೋಗಿ ಏನೋ ಒಂದು ವಿಡಿಯೋ ನೋಡಿದರೆ ಅದು ಮಿಶ್ರ ಕಲಿಕೆ ಆಗೋದಿಲ್ಲ.

ಆಕಾಶದಿಂದ ಬಂದ ಕನ್ನಡ ಪಾಠ

ದೂರದಿಂದ ಪಾಠ ಮಾಡುವುದು ಕೊರೊನಾ ಕಾಲದಲ್ಲಿ ಶುರುವಾಯಿತು ಅಂದುಕೊಂಡಿದ್ದೀರಾ? 1975ರ ಆಗಸ್ಟ್‌ನಿಂದ ಒಂದು ವರ್ಷ ನಮ್ಮ ದೇಶದಲ್ಲಿ ‘ಸೈಟ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿದರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿನವರಿಗೆ. ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ವಿಜಾಪುರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನು. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯಲ್ಲೇ ಇತ್ತು, ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. ಗೋವಾದಲ್ಲಿ ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಮೂಲ ಊರು ಆ ಕಡೆಯದೇ. ಈ ಸಲ ಊರಿಗೆ ಹೋದಾಗ ಅಜ್ಜ, ಅಜ್ಜಿಯನ್ನು ಕೇಳಿ: ಶಾಲೆಯಲ್ಲಿ ಟಿವಿ ಇಟ್ಟು, ದೊಡ್ಡ ಜಾಲರಿ ಛತ್ರಿ ಹಾಕಿದ್ದು ನೆನಪಿದೆಯಾ ಅಂತ.

ಸಣ್ಣ ಲೆಕ್ಕ ಮಾಡೋಣ. ಆ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿತ್ತು. ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಒಟ್ಟು 72,000 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಅಂದರೆ ಪಾಠ ಹಳ್ಳಿಗೆ ತಲುಪಲು ಬೇಕಾಗಿದ್ದು 0.24 ಸೆಕೆಂಡ್! ಆದರೆ ಮಗುವಿನ ಪ್ರಶ್ನೆ ವಾಪಸ್ ಹೋಗಲು ದಾರಿಯೇ ಇರಲಿಲ್ಲ. ಟಿವಿ ಮಾತಾಡುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಟಿವಿಯ ಪಕ್ಕದಲ್ಲಿ ಶಿಕ್ಷಕರು ಬೇಕೇ ಬೇಕಿತ್ತು. ಅದೇ ಯೋಜನೆಯಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು.

2020 ಕಲಿಸಿದ ಪಾಠ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಜುಲೈನಿಂದ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದರು: ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಸಾದಾ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಶಿಕ್ಷಕರೇ ಊರೂರಿಗೆ ಹೋಗಿ ಮರದ ಕೆಳಗೆ, ಗುಡಿಯ ಅಂಗಳದಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಇತ್ತ ಗೋವಾದಲ್ಲಿ ಸಾಂಗೆ, ಸತ್ತರಿ ಕಡೆಯ ಮಕ್ಕಳು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದರು. 2021ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನಲ್ಲಿ ಒಬ್ಬ ತಂದೆ ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತು, ಮಗಳು ಅದರ ಕೆಳಗೆ ಕೂತು ಪಾಠ ಕೇಳಿದ ಚಿತ್ರ ಎಲ್ಲಾ ಕಡೆ ಪ್ರಕಟವಾಯಿತು. ನಗರದಲ್ಲಿ ನೆಟ್‌ವರ್ಕ್ ಇತ್ತು, ಆದರೆ ಅಪ್ಪ ಕೆಲಸಕ್ಕೆ ಹೊರಟರೆ ಮನೆಯ ಒಂದೇ ಫೋನೂ ಹೊರಡುತ್ತಿತ್ತು. ಆನ್‌ಲೈನ್ ಪಾಠ ಪುಕ್ಕಟೆ ಇರಬಹುದು, ಅದನ್ನು ನೋಡುವ ಸಾಧನ ಪುಕ್ಕಟೆ ಅಲ್ಲ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಹಳೆಯ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಸರಾಸರಿಯಲ್ಲಿ, ಬರೀ ಮುಖಾಮುಖಿ ಕಲಿಕೆಗಿಂತ ಮಿಶ್ರ ಕಲಿಕೆ ಸ್ವಲ್ಪ ಮೇಲು ಅಂತ ಕಂಡಿತು. ‘ಹಾಗಾದ್ರೆ ಮುಗೀತು!’ ಅನ್ನಬೇಡಿ. ಅದೇ ವರದಿ ಎರಡು ಎಚ್ಚರಿಕೆ ಕೊಟ್ಟಿದೆ. ಒಂದು, ಮಿಶ್ರ ಕಲಿಕೆಯವರಿಗೆ ಹೆಚ್ಚಾಗಿ ಹೆಚ್ಚು ಸಮಯ, ಹೆಚ್ಚು ಸಾಮಗ್ರಿ ಸಿಕ್ಕಿತ್ತು. ಎರಡು, ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಬೆರಳೆಣಿಕೆಯಷ್ಟೇ ಇದ್ದವು. ಒಂದು ಗಿಡಕ್ಕೆ ಗೊಬ್ಬರದ ಜೊತೆ ನೀರನ್ನೂ ಜಾಸ್ತಿ ಹಾಕಿ, ‘ಗೊಬ್ಬರದಿಂದ ಬೆಳೀತು’ ಅಂದರೆ ಒಪ್ತೀರಾ?

ಇನ್ನೊಂದು ಪ್ರಯೋಗ ನಿಮಗೆ ಹೆಚ್ಚು ಉಪಯೋಗ. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು: ಶೇ. 81, ಇವರು ಶೇ. 75. ಒಂದು ವಾರದ ನಂತರ? ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ. 42, ನೆನಪಿಸಿಕೊಂಡು ಬರೆದವರಿಗೆ ಶೇ. 56. ಲೆಕ್ಕ ತಿರುಗಿಬಿಟ್ಟಿತು.

ವಿಡಿಯೋ ನೋಡುವಾಗ ‘ಎಲ್ಲಾ ಅರ್ಥ ಆಯ್ತು’ ಅನ್ನಿಸುವುದು ಮೊದಲ ಐದು ನಿಮಿಷದ ಖುಷಿ. ಪರೀಕ್ಷೆ ಬರುವುದು ವಾರಗಳ ನಂತರ.

ಅರ್ಧ ಮಸೂರದ ಪ್ರಶ್ನೆ

ಪೀನ ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿದರೆ ಪ್ರತಿಬಿಂಬ ಎಷ್ಟು ಕಾಣುತ್ತದೆ? ಓದುವ ಮುಂಚೆ ಉತ್ತರ ಬರೆದಿಟ್ಟುಕೊಳ್ಳಿ.

‘ಅರ್ಧ’ ಅಂತ ಬರೆದವರು ಬಹಳ ಜನ ಇರ್ತೀರಿ. ನಿಜವಾಗಿ ಪೂರ್ತಿ ಪ್ರತಿಬಿಂಬವೇ ಮೂಡುತ್ತದೆ, ಸ್ವಲ್ಪ ಮಂಕಾಗಿ ಅಷ್ಟೇ. ವಸ್ತುವಿನ ಪ್ರತಿ ಬಿಂದುವಿನಿಂದ ಹೊರಟ ಬೆಳಕು ಮಸೂರದ ಎಲ್ಲಾ ಭಾಗಕ್ಕೂ ಬೀಳುತ್ತದೆ. ಹಾಗಾಗಿ ಉಳಿದ ಅರ್ಧವೇ ಇಡೀ ಚಿತ್ರ ಮೂಡಿಸಬಲ್ಲದು.

ವಿಡಿಯೋ ಇದನ್ನು ಚೆನ್ನಾಗಿ ತೋರಿಸಬಲ್ಲದು, ಹಿಂದಕ್ಕೆ ಸರಿಸಿ ಹತ್ತು ಸಲ ನೋಡಬಹುದು. ಆದರೆ ನಿಮ್ಮ ತಲೆಯಲ್ಲಿ ‘ಅರ್ಧ’ ಅಂತ ಇತ್ತು ಅನ್ನೋದು ವಿಡಿಯೋಗೆ ಗೊತ್ತಿಲ್ಲ. ತರಗತಿಯಲ್ಲಿ ನೀವು ಕೈ ಎತ್ತಿ ‘ಅರ್ಧ’ ಅಂದ ಕೂಡಲೇ ಶಿಕ್ಷಕರಿಗೆ ಗೊತ್ತಾಗುತ್ತದೆ. ನಿಮ್ಮ ಕೈಗೇ ಮಸೂರ ಕೊಟ್ಟು, ಕಿಟಕಿಯ ಚಿತ್ರವನ್ನು ಗೋಡೆ ಮೇಲೆ ಬೀಳಿಸಿ ಅಂತಾರೆ. ಮನಸ್ಸಿನೊಳಗಿನ ತಪ್ಪನ್ನು ಹಿಡಿಯುವವರು ಎದುರಿಗಿರುವುದೇ ತರಗತಿಯ ದೊಡ್ಡ ಲಾಭ.

ಹಾಗಂತ ಪರದೆ ಬೇಡ ಅಂತಲ್ಲ. ಕೋಶ ವಿಭಜನೆ, ಪರಮಾಣು, ಗ್ರಹಗಳ ಚಲನೆ ಇವನ್ನು ಮೇಜಿನ ಮೇಲೆ ತೋರಿಸಲು ಆಗುವುದಿಲ್ಲ. ಅಲ್ಲಿ ಪರದೆಯೇ ಮೇಲು.

ನೀವೇ ಮಾಡಿ ನೋಡಿ

1. ಇನ್ನೂ ಕಲಿಯದ ಒಂದು ಚಿಕ್ಕ ಪಾಠಭಾಗ ಆರಿಸಿ. ಚೀಟಿ ಎತ್ತಿ ತರಗತಿಯನ್ನು ಮೂರು ಗುಂಪು ಮಾಡಿ. ಜಾಣರೆಲ್ಲ ಒಂದೇ ಕಡೆ ಸೇರಬಾರದು.
2. ಮೊದಲ ಗುಂಪಿಗೆ ಶಿಕ್ಷಕರ ಪಾಠ, ಎರಡನೆಯದಕ್ಕೆ ವಿಡಿಯೋ, ಮೂರನೆಯದಕ್ಕೆ ಅರ್ಧ ಹೊತ್ತು ವಿಡಿಯೋ, ಅರ್ಧ ಹೊತ್ತು ಚರ್ಚೆ. ಎಲ್ಲರಿಗೂ ಸರಿಯಾಗಿ 40 ನಿಮಿಷ. ಇದನ್ನು ತಪ್ಪಿಸಬೇಡಿ.
3. ಪಾಠ ಮುಗಿದ ತಕ್ಷಣ 10 ಪ್ರಶ್ನೆ. ಒಂದು ವಾರದ ನಂತರ, ಹೇಳದೆ ಕೇಳದೆ, ಅದೇ ಮಟ್ಟದ ಇನ್ನೂ 10 ಪ್ರಶ್ನೆ.
4. ಗುಂಪುಗಳನ್ನು ಅದಲುಬದಲು ಮಾಡಿ ಬೇರೆ ಎರಡು ಪಾಠಗಳಿಗೂ ಮಾಡಿ. ಒಂದೇ ಸಲದ ಫಲಿತಾಂಶ ಆಕಸ್ಮಿಕ ಇರಬಹುದು.

ಎರಡೂ ಅಂಕಗಳನ್ನು ಹೋಲಿಸಿ. ವಾರದ ನಂತರ ಯಾರ ಅಂಕ ಕಡಿಮೆ ಕುಸಿಯಿತು ಅಂತ ನೋಡಿ.

ಮನೆಯಲ್ಲಿ ಒಂದೇ ಫೋನ್ ಇದ್ದರೆ

ರಾತ್ರಿ ಅಪ್ಪ ಬಂದ ಮೇಲೆ ಫೋನ್ ಸಿಗುವುದು ಅರ್ಧ ಗಂಟೆ ಅಂತಿಟ್ಟುಕೊಳ್ಳಿ. ಹತ್ತು ನಿಮಿಷ ಮಾತ್ರ ವಿಡಿಯೋ ನೋಡಿ, ನಡುನಡುವೆ ನಿಲ್ಲಿಸಿ, ‘ಮುಂದೇನಾಗುತ್ತೆ?’ ಅಂತ ಊಹಿಸಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು ನೆನಪಿದ್ದಷ್ಟು ಕನ್ನಡದಲ್ಲೇ ಬರೆಯಿರಿ. ಅರ್ಥವಾಗದ ಒಂದು ಪ್ರಶ್ನೆಯನ್ನು ಕೊನೆಯಲ್ಲಿ ಬರೆದು ಮರುದಿನ ತರಗತಿಗೆ ತನ್ನಿ. ವಿಡಿಯೋ ಹಿಂದಿ, ಇಂಗ್ಲಿಷ್‌ನಲ್ಲಿದ್ದರೆ ತಿಳಿಯದ ಪದಗಳನ್ನೂ ತನ್ನಿ. ‘ದೀಕ್ಷಾ’ದಲ್ಲಿ ಕನ್ನಡ ಮಾಧ್ಯಮದ ಪಾಠಗಳಿವೆ. ಶಾಲೆಯಲ್ಲಿ ಇಂಟರ್ನೆಟ್ ಇದ್ದಾಗ ಇಳಿಸಿಕೊಂಡರೆ ಮನೆಯಲ್ಲಿ ಡೇಟಾ ಖರ್ಚಿಲ್ಲದೆ ನೋಡಬಹುದು.

ಫೋನೇ ಇಲ್ಲದವರು ಹೆದರಬೇಡಿ. ರೋಡಿಗರ್, ಕಾರ್ಪಿಕೆ ಪ್ರಯೋಗದಲ್ಲಿ ವಾರದ ನಂತರ ಗೆದ್ದವರ ಕೈಯಲ್ಲಿ ಫೋನ್ ಇರಲಿಲ್ಲ, ಪೆನ್ನು ಕಾಗದ ಇತ್ತು. ಅದು ನಿಮ್ಮ ಹತ್ತಿರವೂ ಇದೆ.

ನಿಮ್ಮ ತರಗತಿಯ ಪ್ರಯೋಗದ ಅಂಕಪಟ್ಟಿಯನ್ನು ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ. ಯಾವ ವಿಧಾನ ಗೆದ್ದರೂ ಸರಿ, ಬಂದ ಅಂಕವನ್ನೇ ಬರೆಯಿರಿ.