ಟನ್ನಿಗೆ 12 ಗ್ರಾಂ ನೀರು

ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯ ಹೊಗೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿ ಹಡಗೇರುತ್ತದೆ. ಓಯ್‌ಗಾರ್ಡನ್‌ನಲ್ಲಿ ಇಳಿದು, ಸುಮಾರು 100 ಕಿ.ಮೀ. ಪೈಪಿನಲ್ಲಿ ಸಾಗಿ, ಸಮುದ್ರತಳದಿಂದ 2,600 ಮೀಟರ್ ಕೆಳಗಿನ ಬಂಡೆ ಸೇರುತ್ತದೆ. ಹೊರಡುವ ಮುನ್ನ ಅದರ ನೀರು ತೆಗೆಯಲೇಬೇಕು. ಈ ಕೆಲಸದ ಬಗ್ಗೆ ಮಾತು ಕಡಿಮೆ, ತಪ್ಪು ತಿಳಿವಳಿಕೆ ಜಾಸ್ತಿ.

ತಪ್ಪು ಕಲ್ಪನೆ: ಇಂಗಾಲದ ಡೈಆಕ್ಸೈಡ್ ಪೈಪನ್ನು ತಿಂದುಹಾಕುತ್ತದೆ.

ವಾಸ್ತವ: ಒಣ ಅನಿಲ ಏನೂ ಮಾಡದು. ಅಮೆರಿಕದಲ್ಲಿ 1970ರ ದಶಕದಿಂದ ಅದು ಸಾಧಾರಣ ಉಕ್ಕಿನ ಪೈಪುಗಳಲ್ಲೇ ಹರಿಯುತ್ತಿದೆ. ತಂಟೆ ಶುರುವಾಗುವುದು ನೀರು ಹನಿಗಟ್ಟಿದಾಗ. ಆಗ ಕಾರ್ಬಾನಿಕ್ ಆಮ್ಲ ಹುಟ್ಟಿ, ಪೈಪಿನ ಗೋಡೆ ವರ್ಷಕ್ಕೆ ಮಿಲಿಮೀಟರ್‌ಗಳ ಲೆಕ್ಕದಲ್ಲಿ ಸವೆಯಬಲ್ಲದು. ಹೊಗೆಯಿಂದ ಬಂದ ಗಂಧಕ, ಸಾರಜನಕದ ಆಕ್ಸೈಡುಗಳೂ ಸೇರಿಕೊಂಡರೆ ಇನ್ನೂ ಕೆಟ್ಟ ಆಮ್ಲಗಳು.

ತಪ್ಪು ಕಲ್ಪನೆ: ಒತ್ತಡ ಏರಿಸುತ್ತ ಹೋದರೆ ನೀರು ತಾನೇ ಹೊರಬೀಳುತ್ತದೆ.

ವಾಸ್ತವ: ಅರ್ಧ ನಿಜ. ಸೆರೆಹಿಡಿದ ಅನಿಲ 40 ಡಿಗ್ರಿ ಸೆಲ್ಸಿಯಸ್‌, 2 ಬಾರ್ ಒತ್ತಡದಲ್ಲಿದ್ದರೆ, ಒಂದು ಟನ್ನಿನೊಂದಿಗೆ ಸುಮಾರು 15 ಕಿಲೋ ನೀರಾವಿ ಇರುತ್ತದೆ. ಕಂಪ್ರೆಸರ್‌ನ ಒಂದೊಂದು ಹಂತ ದಾಟಿ ತಣಿದಾಗ ಅದರಲ್ಲಿ ಬಹುಪಾಲು ಇಳಿದುಹೋಗುತ್ತದೆ. ಆದರೆ ಅನಿಲ ಒಂದು ಹಂತ ಮೀರಿ ದ್ರವದಷ್ಟು ದಟ್ಟವಾಯಿತೋ, ನೀರನ್ನು ಮತ್ತೆ ಹೆಚ್ಚಾಗಿ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಣಗಿಸುವ ಘಟಕವನ್ನು ಕಂಪ್ರೆಸರ್‌ನ ಕೊನೆಗಲ್ಲ, ನಡುವೆ ಇಡುವುದು ರೂಢಿ. ಅಲ್ಲಿ ಟ್ರೈಎಥಿಲೀನ್ ಗ್ಲೈಕಾಲ್ ದ್ರವವೋ, ಮಾಲಿಕ್ಯುಲರ್ ಸೀವ್ ಎಂಬ ಸೂಕ್ಷ್ಮರಂಧ್ರದ ಹರಳುಗಳೋ ಉಳಿದ ನೀರನ್ನು ಹೀರುತ್ತವೆ. ಹೀರಿದ್ದನ್ನು ಬಿಡಿಸಲು ಇವನ್ನು ಕಾಯಿಸಬೇಕು; ಖರ್ಚು ಇರುವುದೇ ಅಲ್ಲಿ. ಬ್ರೆವಿಕ್‌ನ ಸರಕು ಸಾಗಿಸುವ ನಾರ್ದರ್ನ್ ಲೈಟ್ಸ್ ಒಪ್ಪುವುದು ಹತ್ತು ಲಕ್ಷ ಅಣುಗಳಲ್ಲಿ 30 ನೀರಿನ ಅಣು, ಅಂದರೆ ಟನ್ನಿಗೆ ಸುಮಾರು 12 ಗ್ರಾಂ!

ತಪ್ಪು ಕಲ್ಪನೆ: ಗಡ್ಡೆ ಕಟ್ಟುವ ಭಯ ಸೊನ್ನೆ ಡಿಗ್ರಿಯ ಕೆಳಗೆ ಮಾತ್ರ.

ವಾಸ್ತವ: ಒತ್ತಡದಲ್ಲಿ ನೀರು, ಇಂಗಾಲದ ಡೈಆಕ್ಸೈಡ್ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಆಗುತ್ತವೆ. 10 ಡಿಗ್ರಿ ಹತ್ತಿರದಲ್ಲೂ ಅದು ವಾಲ್ವನ್ನು ಮುಚ್ಚಿಬಿಡಬಲ್ಲದು.

ತಪ್ಪು ಕಲ್ಪನೆ: ಬಂಡೆಯೊಳಗೆ ಉಪ್ಪುನೀರೇ ತುಂಬಿರುವಾಗ ಒಣಗಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ವಾಸ್ತವ: ಒಣಗಿಸುವುದು ಬಂಡೆಗಾಗಿ ಅಲ್ಲ, ದಾರಿಯ ಉಕ್ಕಿಗಾಗಿ. ನಾರ್ವೆಯದೇ ಸ್ಲೈಪ್ನರ್ ಅನಿಲಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಒಣಗಿಸದೆಯೇ ತುಂಬಿದ್ದಾರೆ. ಅನಿಲ ಬೇರ್ಪಡುವುದೂ ಬಾವಿಗಿಳಿಯುವುದೂ ಸಮುದ್ರದ ನಡುವೆಯೇ. ಆ ಸಣ್ಣ ದಾರಿಗೆ ದುಬಾರಿ ಸ್ಟೇನ್‌ಲೆಸ್ ಸ್ಟೀಲ್ ಹಾಕಿದರಾಯಿತು. ನಾರ್ವೆಯ ಇನ್ನೊಂದು ಅನಿಲಕ್ಷೇತ್ರ ಸ್ನೋವಿಟ್‌ನಲ್ಲಿ ಪೈಪೇ ಸುಮಾರು 150 ಕಿ.ಮೀ., ಅಲ್ಲಿ ಒಣಗಿಸದೆ ಗತಿಯಿಲ್ಲ. ತಮಾಷೆಯೆಂದರೆ, 2008ರಲ್ಲಿ ಅಲ್ಲಿ ಇಳಿಸತೊಡಗಿದ ಒಣ ಅನಿಲ ಬಾವಿಯ ಸುತ್ತಲಿನ ಉಪ್ಪುನೀರನ್ನು ಆರಿಸಿತು. ಉಳಿದ ಉಪ್ಪು ಬಂಡೆಯ ರಂಧ್ರಗಳಲ್ಲಿ ಕೂತಿತು. ಅದನ್ನು ಕರಗಿಸಲು ಎಂಜಿನಿಯರುಗಳು ಅದೇ ಬಾವಿಗೆ ಗ್ಲೈಕಾಲ್ ಬೆರೆಸಿದ ನೀರು ಬಿಡಬೇಕಾಯಿತು.