ಮನೆಯಿಂದ ಕೆಲಸ: ಮಾಲೀಕರು ಯಾವಾಗ ಒಪ್ಪುತ್ತಾರೆ?

ಬೊಮ್ಮನಹಳ್ಳಿಯಿಂದ ಸಿಲ್ಕ್ ಬೋರ್ಡ್ ಎಷ್ಟು ದೂರ ಎಂದು ಕೇಳಿದರೆ ಇಲ್ಲಿ ಯಾರೂ ಕಿಲೋಮೀಟರ್ ಹೇಳುವುದಿಲ್ಲ, ನಿಮಿಷ ಹೇಳುತ್ತಾರೆ. 2021ರ ಆಗಸ್ಟ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಮೆಟ್ರೋ ಕಾಮಗಾರಿಗಾಗಿ ರಾಜ್ಯದ ಐಟಿ ಇಲಾಖೆ ಹೊರ ವರ್ತುಲ ರಸ್ತೆಯ ಕಂಪನಿಗಳಿಗೆ ಒಂದು ಸಲಹೆ ಕೊಟ್ಟಿತ್ತು. 2022ರ ಡಿಸೆಂಬರ್‌ವರೆಗೆ ನೌಕರರು ಮನೆಯಿಂದಲೇ ಕೆಲಸ ಮಾಡಲಿ ಎಂಬುದೇ ಆ ಸಲಹೆ.

ಅದಕ್ಕೂ ಮೊದಲು, 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಕಂಪನಿಗಳು ಬೇರೆ ದಾರಿಯಿಲ್ಲದೆ ಇದಕ್ಕೆ ಒಪ್ಪಿದ್ದವು. ಆಮೇಲೆ ಮನಸಾರೆ ಒಪ್ಪಿದಂತೆಯೂ ಕಂಡಿತು. 2025ರ ಹೊತ್ತಿಗೆ ಒಂದು ಸಮಯದಲ್ಲಿ ಶೇ. 25 ನೌಕರರು ಆಫೀಸಿನಲ್ಲಿದ್ದರೆ ಸಾಕು ಎಂದು ಟಿಸಿಎಸ್ 2020ರಲ್ಲಿ ಹೇಳಿತ್ತು. ಅದೇ ಕಂಪನಿ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಬನ್ನಿ ಎಂದಿತು. ನಮ್ಮ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ 2025ರ ಮಾರ್ಚ್‌ನಿಂದ ಹಲವು ಹಂತದ ನೌಕರರಿಗೆ ತಿಂಗಳಿಗೆ 10 ದಿನ ಆಫೀಸ್ ಕಡ್ಡಾಯ ಮಾಡಿತು.

ಮನೆಯಲ್ಲಿ ಕುಳಿತಾಗ ಕೆಲಸವೇನೂ ನಿಂತಿರಲಿಲ್ಲ. ಮತ್ತೆ ಏಕೆ ಕರೆದರು? ಹೊಸಬರು ಹಿರಿಯರ ಪಕ್ಕ ಕುಳಿತೇ ಕಲಿಯಬೇಕು, ಗ್ರಾಹಕರ ಮಾಹಿತಿ ಹೊರಗೆ ಹೋಗಬಾರದು ಎನ್ನುತ್ತಾರೆ. ಇವು ಸುಳ್ಳಲ್ಲ. ಆದರೆ ನನಗೆ ಇನ್ನೊಂದು ಕಾರಣ ಕಂಡಿದ್ದು ನಮ್ಮ ಗಲ್ಲಿಯಲ್ಲಿ.

ನಮ್ಮ ಅಮ್ಮಿ ಸೀರೆಗೆ ಕುಚ್ಚು ಹಾಕುತ್ತಾರೆ. ಪಕ್ಕದ ಮನೆಯ ಖಾಲಾ ಬ್ಲೌಸ್‌ಗೆ ಹುಕ್ಸ್ ಹೊಲಿಯುತ್ತಾರೆ. ಇವರು ಎಲ್ಲಿ ಕುಳಿತು, ಎಷ್ಟು ಹೊತ್ತಿಗೆ ಕೆಲಸ ಮಾಡುತ್ತಾರೆ ಎಂದು ಯಾವ ಅಂಗಡಿಯವರೂ ಕೇಳಿಲ್ಲ. ಏಕೆಂದರೆ ಇಲ್ಲಿ ಪೀಸ್ ರೇಟ್: ಸೀರೆ ಮುಗಿದರೆ ದುಡ್ಡು, ಹಾಳಾದರೆ ಕಡಿತ. ತಿಂಗಳ ಸಂಬಳ ಕೊಡುವವರು ಕೊಳ್ಳುವುದು ನಮ್ಮ ಸಮಯವನ್ನು, ಅದಕ್ಕೇ ಅದನ್ನು ಕಣ್ಣಾರೆ ನೋಡಬೇಕು ಅನಿಸುತ್ತದೆ. ಕೆಲಸವನ್ನು ಎಣಿಸಲು ಬಂದರೆ ಮಾಲೀಕರು ಬೇಗ ಒಪ್ಪುತ್ತಾರೆ. (ಇದೇ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಈ ಪ್ರಶ್ನೆಯೇ ಇಲ್ಲ, ಅಲ್ಲಿ ಮೆಷಿನ್ ಇರುವಲ್ಲಿಗೇ ಹೋಗಬೇಕು.)

ಕಾನೂನು ಕೂಡ ಮಾಲೀಕರ ಒಪ್ಪಿಗೆಯನ್ನೇ ಕೇಳುತ್ತದೆ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂದ ನಿಯಮದ ಪ್ರಕಾರ, ಕೆಲಸದ ಸ್ವರೂಪ ಹೊಂದಿದರೆ ತಾಯಿ ರಜೆಯ ನಂತರ ಮನೆಯಿಂದ ಕೆಲಸ ಮಾಡಬಹುದು. ಆದರೆ ಎಷ್ಟು ದಿನ, ಯಾವ ಷರತ್ತಿನಲ್ಲಿ ಎಂಬುದನ್ನು ಇಬ್ಬರೂ ಮಾತಾಡಿ ಒಪ್ಪಿಕೊಳ್ಳಬೇಕು.

ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರು ಟ್ಯಾಲಿ ಕಲಿತು ಮನೆಯಿಂದಲೇ ಲೆಕ್ಕ ಬರೆಯುವ ಕೆಲಸ ಹುಡುಕಬೇಕೆಂದಿದ್ದಾರೆ. ಜಿಎಸ್‌ಟಿ ರಿಟರ್ನ್ಸ್ ಎಣಿಸಬಹುದಾದ ಕೆಲಸವೇ, ಸಿಗುತ್ತದೆ. ಆದರೆ ಕರೆಂಟು, ಇಂಟರ್ನೆಟ್, ಲ್ಯಾಪ್‌ಟಾಪ್ ಯಾರ ಖರ್ಚು ಎಂದು ಮೊದಲೇ ಕೇಳಿಕೊಳ್ಳಿ.

ನಾನು ಅಮ್ಮಿಯ ಕೆಲಸಕ್ಕೆ ಒಂದು ವೆಚ್ಚ ಪಟ್ಟಿ ಮಾಡಿದೆ. ದಾರ, ಮಣಿ, ಸೂಜಿ, ಸೀರೆ ತರುವ ಆಟೋ, ರಾತ್ರಿಯ ಲೈಟು. ಎಲ್ಲ ಕಳೆದರೆ ಉಳಿಯುವುದು ತೀರಾ ಕಡಿಮೆ. ಇದನ್ನು ಅಂಗಡಿಯವರಿಗೆ ತೋರಿಸೋಣ ಎಂದೆ. ಅಮ್ಮಿ ಪಟ್ಟಿ ಮಡಚಿ ಡಬ್ಬಿಯ ಕೆಳಗಿಟ್ಟು ಹೇಳಿದರು: “ತೋರಿಸಿದರೆ ಸೀರೆ ಬೇರೆ ಮನೆಗೆ ಹೋಗುತ್ತೆ ಬೇಟಾ.”